ಎಡಮಗ್ಗುಲು ಕಳೆದುಕೊಂಡ ದೊಡ್ಡಕ್ಕ

ಕನ್ನಡಕದ ಅಂಗಡಿಗೆ ಬಂದವರು ಕಣ್ಣೊರೆಸಿಕೊಳ್ಳುವುದು ಹೊಸದೇನಲ್ಲ. ಹನಿ ಹಾಕಿಸಿಕೊಂಡ ಮೇಲೆ ಎಲ್ಲರೂ ಒರೆಸಿಕೊಳ್ಳುತ್ತಾರೆ. ಆದರೆ ಈ ಹೆಣ್ಣುಮಗಳು ಬಾಗಿಲು ದೂಡಿಕೊಂಡು ಬರುವಾಗಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಂಗಡಿಯವನು, ಅಂದರೆ ಮೇಲಿನ ಮನೆಯ ಅತ್ತಿಗೆಯ ಮೈದುನ, ಅದನ್ನು ಗಮನಿಸದೆ ಕುರ್ಚಿ ಎಳೆದು, ಕನ್ನಡಿಯನ್ನು ಅವಳತ್ತ ತಿರುಗಿಸಿ, ಗುಂಡು ಫ್ರೇಮಿನ ಕಾಲ ಹೋಯಿತು, ಈಗ ಚೌಕದ್ದೇ ನಡೆಯುತ್ತಿರುವುದು ಎಂದು ಶುರುಮಾಡಿಬಿಟ್ಟಿದ್ದ.

"ಕನ್ನಡಕಕ್ಕೆ ಬಂದಿಲ್ಲ," ಅಂದಳು ಅವಳು. "ಮೇಲಿನ ಮನೇಲಿ ನಿಮ್ಮ ಅತ್ತಿಗೆ ಇದ್ದಾರಂತಲ್ಲ. ನಾನು ಮಾಡದೇ ಇರೋ ಕೆಲಸ ಒಂದು ನನ್ನ ತಲೆ ಮೇಲೆ ಬಂದು ಕೂತಿದೆ. ಭಾನುವಾರದೊಳಗೆ ಅದು ಇಳೀಲಿಲ್ಲ ಅಂದ್ರೆ ನನ್ನನ್ನ ಹೊರಗೆ ಹಾಕ್ತಾರೆ."

ಮೈದುನ ಬಾಗಿಲಿಗೆ 'ಈಗ ಬಂದೆ' ಎಂಬ ಹಲಗೆ ತೂಗುಹಾಕಿ ಅವಳನ್ನು ಮೇಲಕ್ಕೆ ಕರೆದೊಯ್ದ. ಆ ಹಲಗೆ ಹೇಳುವುದು ಹಸಿ ಸುಳ್ಳು ಎಂದು ಬೀದಿಗೆಲ್ಲ ಗೊತ್ತು. ಅತ್ತಿಗೆಯ ಹತ್ತಿರ ಯಾರಾದರೂ ಗೋಳು ಹೊತ್ತು ಬಂದರೆ ಅಂಗಡಿ ಆ ದಿನಕ್ಕೆ ಮುಗಿದ ಹಾಗೆಯೇ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಮೇಲಿನ ಮನೆಗೆ ಬಂದು ನೆಲೆಸಿದ್ದಳು. ಅದಕ್ಕೆ ಮೊದಲು ಅವಳದು ವಿಮಾ ಕಂಪನಿಯಲ್ಲಿ ಕೆಲಸ. ಸುಟ್ಟು ಬೂದಿಯಾದ ಅಂಗಡಿ, ಗೋದಾಮುಗಳಲ್ಲಿ ಓಡಾಡಿ ಬೆಂಕಿ ತಾನಾಗಿ ಹತ್ತಿತೋ, ಯಾರಾದರೂ ಹಚ್ಚಿದರೋ ಎಂದು ಹೇಳುವುದು. ನಿವೃತ್ತಿಯಾದರೂ ಜನ ಅವಳನ್ನು ಬಿಡಲಿಲ್ಲ. ಅವಳಿಗೆ ಅರ್ಧ ಬುದ್ಧಿ ಕೊಡುವವನು ತಾನೇ ಎಂದು ಮೈದುನ ನಂಬಿದ್ದ. ಪಾಪ, ನಂಬಿಕೊಳ್ಳಲಿ ಎಂದು ಅವಳೂ ಸುಮ್ಮನಿದ್ದಳು.

ಬಂದವಳು ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸದವಳು. ಗಂಡನನ್ನು ಬಿಟ್ಟು ಈ ಊರಿಗೆ ಬಂದ ಮೇಲೆ ವಾರದ ದಿನಗಳು ಹೇಗೋ ಕಳೆಯುತ್ತಿದ್ದವಂತೆ, ಭಾನುವಾರ ಮಾತ್ರ ಗೋಡೆ ನೋಡುತ್ತ ಕೂರುವುದಾಗಿತ್ತಂತೆ. ಆಗ ಅವಳಿಗೆ ಸಿಕ್ಕಿದ್ದು ಒಂದು ಕೂಟ. ಚಿಕ್ಕಂದಿನಲ್ಲಿ ಟೀವಿಯಲ್ಲಿ ಬರುತ್ತಿದ್ದ ಹಳೆಯ ಕಾರ್ಟೂನೊಂದರ ಆಕಾಶನೌಕೆಗಳನ್ನು ಕಂಪ್ಯೂಟರಿನಲ್ಲಿ ತಗಡು ತಗಡಾಗಿ, ತಿರುಪು ತಿರುಪಾಗಿ ಕಟ್ಟುವವರ ಕೂಟ. ಕಾರ್ಟೂನಿನಲ್ಲಿ ಅವು ಬರೀ ಚಿತ್ರಗಳು. ಇವರ ಕೈಯಲ್ಲಿ ಸುತ್ತಲೂ ತಿರುಗಿಸಿ ನೋಡಬಹುದಾದ, ಬಾಗಿಲು ತೆಗೆದು ಒಳಗೆ ಹೋಗಬಹುದಾದ ಹಡಗುಗಳು. ಇದರಿಂದ ಏನು ಸಿಗುತ್ತದೆ ಎಂದು ಮೈದುನ ಕೇಳಿದ. ಭಾನುವಾರ ಸಿಗುತ್ತದೆ ಎಂದಳು ಅವಳು, ಮತ್ತೆ ಕಣ್ಣೊರೆಸಿಕೊಂಡಳು.

ಕೂಟದಲ್ಲಿ ಒಟ್ಟು ನಾಲ್ಕು ಜನ. ಹಿರಿಯರು ನಿವೃತ್ತ ಭೂಗೋಳದ ಮೇಷ್ಟ್ರು; ಅವರ ಮಹಡಿಯ ಕೋಣೆಯೇ ಇವರ ಕಾರ್ಖಾನೆ. ಮತ್ತೊಬ್ಬ ಲಿಫ್ಟ್ ರಿಪೇರಿಯವನು. ಇನ್ನೊಬ್ಬರು ಬ್ಯಾಂಕಿನವರು, ನಗದು ಕೌಂಟರಿನಲ್ಲಿ ಕೂದಲು ನರೆತವರು. ಮೇಷ್ಟ್ರು ವರ್ಷಗಟ್ಟಲೆ ಕೂತು ಕಟ್ಟಿದ್ದು ಕಾರ್ಟೂನಿನ ಅತಿದೊಡ್ಡ ಹಡಗನ್ನು. ಕೂಟದವರು ಅದನ್ನು ದೊಡ್ಡಕ್ಕ ಎನ್ನುತ್ತಿದ್ದರು. ಮುಂದಿನ ತಿಂಗಳು ಊರಿನ ತಾರಾಲಯದ ಗುಮ್ಮಟದ ಪರದೆಯ ಮೇಲೆ ದೊಡ್ಡಕ್ಕ ಹಾರಬೇಕಿತ್ತು. ಈ ವಾರ ಮೇಷ್ಟ್ರು ತೆರೆದು ನೋಡಿದರೆ ಹಡಗಿನ ಎಡಮಗ್ಗುಲೇ ಇಲ್ಲ.

"ಇಲ್ಲ ಅಂದ್ರೆ?" ಅಂದಳು ಅತ್ತಿಗೆ.

"ಎಡಗಡೆ ಇದೆ, ಆದ್ರೆ ಅದು ಬಲಗಡೇದೇ ಕನ್ನಡಿ ಹಿಡಿದ ಹಾಗಿದೆ. ಮೇಷ್ಟ್ರು ಎರಡು ವರ್ಷ ಮಾಡಿದ್ದೆಲ್ಲ ಹೋಯ್ತು. ಅದನ್ನ ಮಾಡಿದ್ದು ನಾನು ಅಂತಾರೆ. ಯಾಕಂದ್ರೆ ಎರಡೂ ಕಡೆ ಒಂದೇ ಥರ ಇದ್ರೆ ಏನು ಗಂಟು ಹೋಗುತ್ತೆ ಅಂತ ಹಿಂದಿನ ಭಾನುವಾರ ಅವರ ಮುಖಕ್ಕೇ ಹೇಳಿದೋಳು ನಾನೇ."

ಅತ್ತಿಗೆ ಚಪ್ಪಲಿ ಮೆಟ್ಟಿಕೊಂಡಳು. ಅವಳು ಕೇಸು ಒಪ್ಪಿಕೊಂಡಳು ಎನ್ನುವುದಕ್ಕೆ ಅದೇ ಗುರುತು.

ಮೇಷ್ಟ್ರ ಮಹಡಿ ಕೋಣೆಯಲ್ಲಿ ಗೋಡೆಯ ತುಂಬ ಹಡಗುಗಳು. ನಡುವೆ ಒಂದು ಉದ್ದನೆಯ ಪೋಸ್ಟರು, ಕಳೆದ ವರ್ಷ ಅಚ್ಚು ಹಾಕಿಸಿದ್ದು: ಮೂತಿ ಬಲಕ್ಕೆ ಮಾಡಿಕೊಂಡು ತೇಲುತ್ತಿರುವ ದೊಡ್ಡಕ್ಕ. ಮೇಷ್ಟ್ರು ಮನೆಯಲ್ಲಿ ಸಾವಾದವರಂತೆ ಕೂತಿದ್ದರು. ಲಿಫ್ಟಿನವನೂ ಬ್ಯಾಂಕಿನವರೂ ಸಮಾಧಾನ ಹೇಳಲು ಬಂದು, ಹೇಳಲು ಏನೂ ತೋಚದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಎಕ್ಸ್‌ರೇಯವಳು ಒಳಗೆ ಕಾಲಿಟ್ಟದ್ದೇ ಮೇಷ್ಟ್ರು ಮುಖ ತಿರುಗಿಸಿದರು. ಅವಳು ಬಾಗಿಲ ಹತ್ತಿರವೇ ನಿಂತಳು, ಕೂತುಕೋ ಎಂದು ಯಾರೂ ಅನ್ನಲಿಲ್ಲ.

ಮೇಷ್ಟ್ರು ತಡೆತಡೆದು ವಿವರಿಸಿದರು. ಕಾರ್ಟೂನಿನಲ್ಲಿ ಹಡಗು ಯಾವಾಗಲೂ ಎಡದಿಂದ ಬಲಕ್ಕೆ ಹಾರುತ್ತದೆ, ಹಾಗಾಗಿ ನೋಡುವವರಿಗೆ ಕಾಣುವುದು ಅದರ ಬಲಮಗ್ಗುಲು. ಎಡಮಗ್ಗುಲು ಕಾಣುವುದು ಒಂದೇ ಒಂದು ಕಂತಿನಲ್ಲಿ, ಯುದ್ಧ ಮುಗಿಸಿ ಮನೆಗೆ ಹಿಂದಿರುಗುವಾಗ, ಕಣ್ಣು ಮುಚ್ಚಿ ತೆರೆಯುವಷ್ಟು ಹೊತ್ತು. ಸುಟ್ಟ ತಗಡು, ತೇಪೆ, ಮುರಿದ ಏಣಿ. ಆ ಒಂದು ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಅವರು ಎಡಮಗ್ಗುಲು ಕಟ್ಟಿದ್ದರು. ಕಳೆದ ಭಾನುವಾರ ತಾರಾಲಯದವರು ಹಡಗು ಭಾರವಾಯಿತು, ಅವರ ಯಂತ್ರ ಎಳೆಯುತ್ತಿಲ್ಲ ಎಂದಾಗ ಈ ಹುಡುಗಿ ಎಡಗಡೆಯನ್ನು ತೆಗೆದು ಬಲಗಡೆಯದನ್ನೇ ಮಗುಚಿ ಹಾಕಿ ಎಂದಿದ್ದಳು. ಮಾತಿಗೆ ಮಾತು ಬೆಳೆದಿತ್ತು. ಅವತ್ತು ಚಹಾ ಕುಡಿಯಲು ಒಬ್ಬೊಬ್ಬರಾಗಿ ಕೆಳಗೆ ಹೋಗಿ ಬಂದಿದ್ದರಿಂದ, ನಾಲ್ವರಲ್ಲಿ ಯಾರು ಬೇಕಾದರೂ ಸ್ವಲ್ಪ ಹೊತ್ತು ಇಲ್ಲಿ ಒಂಟಿಯಾಗಿದ್ದಿರಬಹುದು. ಕಂಪ್ಯೂಟರಿಗೆ ಆಗ ಬೀಗವೂ ಇರಲಿಲ್ಲ. ಮೇಷ್ಟ್ರು ಮತ್ತೆ ಅದನ್ನು ತೆರೆದದ್ದು ಎರಡು ದಿನ ಬಿಟ್ಟು.

ಪ್ರತಿ ಇಟ್ಟುಕೊಂಡಿರಲಿಲ್ಲವೇ ಎಂದು ಅತ್ತಿಗೆ ಕೇಳಿದಳು. ಇಟ್ಟುಕೊಂಡಿದ್ದರು, ಅದೇ ಯಡವಟ್ಟಾದದ್ದು. ದಿನಾ ಸಂಜೆ ಯಂತ್ರವೇ ಹಡಗಿನ ಹೊಸ ಪ್ರತಿಯನ್ನು ಹಳೆಯದರ ಮೇಲೆ ಬರೆದುಕೊಳ್ಳುತ್ತಿತ್ತು. ಕೆಟ್ಟ ಹಡಗನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಕಡೆ ಬರೆದಿಟ್ಟಿತ್ತು.

"ಇವರಿಗೆಲ್ಲ ಮೊದಲ ದಿನವೇ ಹೇಳಿಕೊಡೋ ಪಾಠ ಒಂದೇ," ಅಂದರು ಮೇಷ್ಟ್ರು. "ಮಾಡೆಲ್ ಯಾರದ್ದೇ ಇರಲಿ, ಕೈ ಹಚ್ಚೋ ಮುಂಚೆ ಒಂದು ಪ್ರತಿ ಜೇಬಿಗೆ ಹಾಕ್ಕೊಳ್ಳಿ ಅಂತ. ಅಷ್ಟು ಹೇಳಿಕೊಟ್ಟಿದ್ದೀನಿ, ಆದ್ರೂ ಹೀಗೆ. ಇನ್ನೊಬ್ಬರ ಹಡಗಿಗೆ ಹೇಳದೇ ಕೇಳದೇ ಕೈ ಹಚ್ಚಿದೋರಿಗೆ ನಮ್ಮಲ್ಲಿ ಜಾಗ ಇಲ್ಲ. ಬೇರೆ ಊರಿನ ಕೂಟಗಳಿಗೂ ಹೆಸರು ತಿಳಿಸಿಬಿಡ್ತೀವಿ."

ಒಂದು ವಾರ ಮುಂದೆ ಹಾಕೋಣ ಮೇಷ್ಟ್ರೇ, ಅವಸರ ಬೇಡ ಎಂದು ಬ್ಯಾಂಕಿನವರು ಮೆಲ್ಲಗೆ ಅಂದರು. ಮೇಷ್ಟ್ರು ಕೇಳಿಸಿಕೊಳ್ಳಲಿಲ್ಲ. ಯಾರನ್ನೂ ನಂಬುವ ಹಾಗಿಲ್ಲ ಎಂದು ಈಗ ಕಂಪ್ಯೂಟರಿಗೂ ಕೋಣೆಗೂ ಬೀಗ ಹಾಕಿ, ಬೀಗದ ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದರು.

ಅತ್ತಿಗೆ ಹಡಗಿನ ಸುದ್ದಿಯನ್ನು ಅಲ್ಲಿಗೇ ಬಿಟ್ಟು, ಒಬ್ಬೊಬ್ಬರೂ ತಮ್ಮ ತಮ್ಮ ಹಡಗು ತೋರಿಸಬೇಕು ಎಂದಳು. ಮೈದುನನಿಗೆ ಇದು ಕಾಲಹರಣ ಅನ್ನಿಸಿತು. ಲಿಫ್ಟಿನವನದು ಬಾಹ್ಯಾಕಾಶದ ಗುಜರಿ ಸಾಗಿಸುವ ಹಡಗು: ಒಂದು ಪಕ್ಕೆಯಲ್ಲಿ ದೊಡ್ಡ ಕ್ರೇನು, ಇನ್ನೊಂದರಲ್ಲಿ ಬುಟ್ಟಿ, ಒಟ್ಟಿನಲ್ಲಿ ಸೊಟ್ಟ. ಎಡ ಬಲ ಬೇರೆ ಬೇರೆಯಾಗಿ ಕಟ್ಟಿದ್ದೇನೆ, ಅರ್ಧ ಕಟ್ಟಿ ಉಳಿದರ್ಧ ಕಂಪ್ಯೂಟರಿನ ಕನ್ನಡಿಗೆ ಬಿಡುವ ಸೋಮಾರಿತನ ನನ್ನದಲ್ಲ ಎಂದು ಅವನು ಬ್ಯಾಂಕಿನವರನ್ನು ಕೆಣಕಿದ. ಬ್ಯಾಂಕಿನವರು ಕೆಣಕಿಸಿಕೊಳ್ಳಲಿಲ್ಲ. ಅವರದು ಕಾವಲು ಹಡಗುಗಳು, ಎರಡೂ ಮಗ್ಗುಲು ತಕ್ಕಡಿಯಲ್ಲಿ ತೂಗಿದಂತೆ ಸಮ. ಅವರು ಕೂತುಕೊಳ್ಳುವ ಮುಂಚೆಯೇ ಬೆರಳು ನಾಲಿಗೆಗೆ ಮುಟ್ಟಿಸಿ, ಮೂಲೆಯ ಕೀಲಿಯೊಂದನ್ನು ಒತ್ತಿ, ಆಮೇಲೆ ಮಾತು ಶುರುಮಾಡಿದರು. ಯಾವ ಹಡಗು ತೆರೆದರೂ ಮೊದಲು ಅದೇ ಕೀಲಿ. ಮೈದುನ ಆ ಒದ್ದೆ ಬೆರಳನ್ನು ನೋಡಿ ಕೀಬೋರ್ಡಿಗಾಗಿ ಮರುಗಿದ.

ಎಕ್ಸ್‌ರೇಯವಳದು ಒಂದು ಪುಟ್ಟ ದೋಣಿಯಂಥ ಹಡಗು, ಅದರೊಳಗೆ ಪುಟ್ಟ ಹಾಸಿಗೆಗಳು, ನೇತುಹಾಕಿದ ಅಂಗಿಗಳು. ಇವೆಲ್ಲ ಕಾರ್ಟೂನಿನಲ್ಲಿ ಇವೆಯೇ ಎಂದು ಅತ್ತಿಗೆ ಕೇಳಿದಳು.

"ಇಲ್ಲ," ಅಂದರು ಬ್ಯಾಂಕಿನವರು, ತಡೆಯಲಾರದೆ. "ಇವಳ ಜೊತೆ ನನಗೆ ಯಾವಾಗಲೂ ಇದೇ ತಕರಾರು. ತೆರೆ ಮೇಲೆ ಕಾಣದ್ದು ಹಡಗಲ್ಲೂ ಇರಬಾರದು. ದೊಡ್ಡಕ್ಕನ ಬಾಲದ ತುದೀಲಿ ಅಡುಗೆಮನೆ ಇರಲೇಬೇಕು ಅಂತ ಹಟ ಹಿಡಿದಿದ್ದಳು. ಬಾಲದ ತುದಿ ಯಾವ ದೃಶ್ಯದಲ್ಲೂ ಕಂಡೇ ಇಲ್ಲ, ಟೀವಿ ಅಂಚಿನಲ್ಲಿ ಕತ್ತರಿಸಿಹೋಗುತ್ತೆ. ಅದಕ್ಕೇ ಮೇಷ್ಟ್ರು ಅಲ್ಲಿನ ಕಿಟಕಿಗಳನ್ನೆಲ್ಲ ಕತ್ತಲೆ ಇಟ್ಟಿದ್ದಾರೆ."

"ಅಷ್ಟು ಜನ ವರ್ಷಗಟ್ಟಲೆ ಹಾರ್ತಾ ಇದ್ರೆ ಉಪವಾಸ ಇರ್ತಾರಾ?" ಎಂದು ಎಕ್ಸ್‌ರೇಯವಳು ಬಾಗಿಲ ಹತ್ತಿರದಿಂದಲೇ ಅಂದಳು. ಒಂದು ಕ್ಷಣ ಇಬ್ಬರೂ ಹಳೆಯ ಜಗಳದ ಬಿಸಿಯಲ್ಲಿ ಈಗಿನ ಸಂಗತಿಯನ್ನೇ ಮರೆತಿದ್ದರು. ನೆನಪಾದ ಕೂಡಲೇ ಇಬ್ಬರೂ ತೆಪ್ಪಗಾದರು.

ಹಡಗನ್ನು ಮೊದಲು ಬರೆದವರು ಯಾರು ಎಂದು ಅತ್ತಿಗೆ ಕೇಳಿದ್ದಕ್ಕೆ, ಆಕೆ ಇನ್ನೂ ಬದುಕಿದ್ದಾರೆ, ಇದೇ ಊರಿನ ಆಚೆ ತುದಿಯಲ್ಲಿ ಇದ್ದಾರಂತೆ, ತಾರಾಲಯದವರು ಅವರನ್ನೂ ಕರೆದಿದ್ದಾರೆ ಎಂದರು ಮೇಷ್ಟ್ರು. ನೀವು ಯಾರಾದರೂ ಭೇಟಿಯಾಗಿದ್ದೀರಾ? ಇಲ್ಲ ಎಂದರು ಮೇಷ್ಟ್ರು. ಇಲ್ಲ ಎಂದ ಲಿಫ್ಟಿನವನು, ಇಲ್ಲ ಎಂದಳು ಎಕ್ಸ್‌ರೇಯವಳು. ಅಂಥವರನ್ನು ಕಾಣುವ ಭಾಗ್ಯ ನಮಗೆಲ್ಲಿ ಎಂದರು ಬ್ಯಾಂಕಿನವರು.

ಕೊನೆಗೆ ದೊಡ್ಡಕ್ಕನನ್ನು ತೆರೆಸಿದಳು ಅತ್ತಿಗೆ. ಎಲ್ಲರೂ ಅವಳಿಗೆ ಎಡಮಗ್ಗುಲು ತೋರಿಸಲು ಮುಂದಾದರೆ, ಅವಳು ಬಲಮಗ್ಗುಲು ತೋರಿಸಿ ಎಂದಳು. ಅದಕ್ಕೇನೂ ಆಗಿಲ್ಲ ಎಂದರು ಮೇಷ್ಟ್ರು. ಆಗದೇ ಇದ್ದುದನ್ನು ನೋಡುವುದೇ ತನ್ನ ಕಸುಬು ಎಂದಳು ಅವಳು. ಸುಟ್ಟುಹೋದ ಅಂಗಡಿಯಲ್ಲಿ ಸುಡದೆ ಉಳಿದದ್ದೇ ಮಾತಾಡುವುದು. ಪರದೆಯನ್ನೂ ಗೋಡೆಯ ಪೋಸ್ಟರನ್ನೂ ನೋಡಿದಳು, ಮತ್ತೆ ಮತ್ತೆ ನೋಡಿದಳು. ಆಮೇಲೆ ಮೈದುನನನ್ನು ಕರೆದು, ಆ ಬಾಲದ ಹತ್ತಿರದ ಕಿಟಕಿಗಳನ್ನು ನಿನ್ನ ಅಂಗಡಿಯ ಕಣ್ಣಿಂದ ಸ್ವಲ್ಪ ನೋಡು ಎಂದಳು ಮೆಲುದನಿಯಲ್ಲಿ.

ಮೈದುನ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಪೋಸ್ಟರಿನಲ್ಲಿ ಬಾಲದ ತುದಿಯ ಕಿಟಕಿಗಳೆಲ್ಲ ಕತ್ತಲೆ. ಪರದೆಯ ಮೇಲೆ ಅವುಗಳಲ್ಲಿ ಒಂದಕ್ಕೆ ದೀಪ ಹತ್ತಿತ್ತು. ಹಡಗಿನ ಉಳಿದ ದೀಪಗಳೆಲ್ಲ ಕಿತ್ತಳೆಗೆ ತಿರುಗಿದ ಹಳದಿ. ಇದೊಂದು ಮಾತ್ರ ತಣ್ಣಗಿನ ನಿಂಬೆ ಹಳದಿ. ಅತ್ತಿಗೆ ತುಟಿಯ ಮೇಲೆ ಬೆರಳಿಟ್ಟಳು, ಅವನು ಬಾಯಿ ಮುಚ್ಚಿಕೊಂಡ. ಅವನ ಮಟ್ಟಿಗೆ ಅದು ದೊಡ್ಡ ತ್ಯಾಗವೇ.

ಬಣ್ಣ ಎಲ್ಲಿಂದ ತಂದಿರಿ ಎಂದು ಅವಳು ಮೇಷ್ಟ್ರನ್ನು ಕೇಳಿದಳು. ಕಾರ್ಟೂನಿನ ಉಳಿದಿರುವ ಒಂದೇ ಪ್ರತಿಯಿಂದ ಎಂದರು ಅವರು. ಹಳತಾಗಿ ಕೆಂಪಡರಿದೆ, ಆದರೂ ನಮಗೆ ಅದೇ ಆಧಾರ. ನಾಲ್ವರೂ ಅದರಿಂದ ತೆಗೆದ ಬಣ್ಣಗಳನ್ನೇ ಬಳಸುತ್ತೇವೆ ಎಂದರು.

ಬೀದಿಗೆ ಇಳಿದದ್ದೇ ಮೈದುನನ ಬಾಯಿಯ ಅಣೆಕಟ್ಟು ಒಡೆಯಿತು. ಎಲ್ಲ ಸ್ಪಷ್ಟವಾಯಿತು, ದೀಪದ ಬುಡದಲ್ಲೇ ಕತ್ತಲೆ ಎಂದ. ಬಾಲದ ತುದಿಯಲ್ಲಿ ಅಡುಗೆಮನೆ ಬೇಕು ಎಂದವಳು ಅವಳು. ಅಲ್ಲೇ ದೀಪ ಹತ್ತಿದೆ. ಎರಡೂ ಕಡೆ ಒಂದೇ ಇರಲಿ ಎಂದವಳೂ ಅವಳೇ, ಹಾಗೇ ಆಗಿದೆ. ಇಷ್ಟು ಹೇಳುವಾಗ ಅವನಿಗೆ ಸಂತೋಷವೇನೂ ಆಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಅವಳ ಮುಖ ಕಣ್ಣಿಗೆ ಕಟ್ಟಿತ್ತು.

"ಅವಳೇ ಆಗಿದ್ರೆ ಆ ದೀಪ ಯಾವ ಬಣ್ಣದಲ್ಲಿ ಉರೀಬೇಕಿತ್ತು?" ಎಂದು ಅತ್ತಿಗೆ ಕೇಳಿದಳು.

ಅತ್ತಿಗೆ ಆಗಲೇ ಊರಿನ ಆಚೆ ತುದಿಗೆ ಹೋಗುವ ಬಸ್ಸು ಹಿಡಿಯಲು ಹೊರಟಿದ್ದಳು.

ಹಡಗನ್ನು ಬರೆದಾಕೆ ಚಿಕ್ಕ ಮನೆಯಲ್ಲಿ, ಎತ್ತರದ ಬೆನ್ನಿನ ಕುರ್ಚಿಯಲ್ಲಿ ಕೂತಿದ್ದ ಮುದುಕಿ. ದೃಷ್ಟಿ ಮಂದವಾಗಿತ್ತು, ಮುಖಗಳು ಮಬ್ಬು, ಬಣ್ಣ ಮಾತ್ರ ಇನ್ನೂ ಗೊತ್ತಾಗುತ್ತದೆ ಎಂದರು. ಅವರ ಕನ್ನಡಕದ ಕಾಲು ಸಡಿಲವಾದದ್ದನ್ನು ಕಂಡು ಮೈದುನ ಕೇಳದೆಯೇ ಜೇಬಿನಿಂದ ಪುಟ್ಟ ತಿರುಗುಳಿ ತೆಗೆದು ಬಿಗಿ ಮಾಡಿಕೊಟ್ಟ. ಅಲ್ಲಿಗೆ ಮುದುಕಿಯ ಮಾತಿನ ಬಾಗಿಲು ತೆರೆಯಿತು.

ಗೋಡೆಯ ಮೇಲೆ, ಬಿಸಿಲು ಬೀಳದ ಕಡೆ, ಗಾಜಿನ ಹಿಂದೆ ದೊಡ್ಡಕ್ಕ ಇದ್ದಳು. ಕುಂಚದಲ್ಲಿ ಬರೆದ ಮೂಲಚಿತ್ರ, ಬಾಲದ ತುದಿಯವರೆಗೆ ಪೂರ್ತಿ. ಕಿಟಕಿಗಳ ದೀಪಗಳೆಲ್ಲ ತಣ್ಣಗಿನ ನಿಂಬೆ ಹಳದಿ. ಬಾಲದ ತುದಿಯಲ್ಲೂ ಒಂದೇ ಒಂದು ಕಿಟಕಿ ಬೆಳಗುತ್ತಿತ್ತು.

"ಅದು ಅಡುಗೆಯವನ ಕೋಣೆ," ಎಂದರು ಮುದುಕಿ. "ಕತೇಲಿ ಅಡುಗೆಯವನೇ ಇರಲಿಲ್ಲ. ಕತೆ ಬರೆದೋರಿಗೆ ಹೊಟ್ಟೆ ವಿಷಯ ಎಲ್ಲಿ ನೆನಪಿರುತ್ತೆ? ನಾನೇ ದೀಪ ಹಚ್ಚಿಟ್ಟೆ. ಟೀವಿಯವರು ಅದನ್ನೇ ಕತ್ತರಿಸಿ ಹಾಕಿದ್ರು."

ಇದನ್ನು ನೋಡಲು ಈಚೆಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದಳು ಅತ್ತಿಗೆ. ಬಂದಿದ್ದರಂತೆ, ಒಬ್ಬ ಗಂಡಸು. ಒಂದು ದಿನ ರಸ್ತೆಯಲ್ಲಿ ತಮ್ಮ ಕೈಹಿಡಿದು ಮನೆಯವರೆಗೆ ಬಿಟ್ಟುಹೋಗಲು ಬಂದವನು, ಈ ಚಿತ್ರದ ಎದುರು ಎಷ್ಟು ಹೊತ್ತು ನಿಂತನೆಂದರೆ ಕೊನೆಗೆ ತಾವೇ ಕುರ್ಚಿ ಕೊಡಬೇಕಾಯಿತಂತೆ. ಒಳ್ಳೆಯವನು, ಆದರೆ ಒಂದು ಕೆಟ್ಟ ಚಾಳಿ. ತಮ್ಮ ಹಳೆಯ ಚಿತ್ರಗಳ ಕಟ್ಟನ್ನು ಕೊಟ್ಟರೆ, ಪ್ರತಿ ಹಾಳೆ ಮಗುಚುವ ಮುಂಚೆ ಬೆರಳನ್ನು ನಾಲಿಗೆಗೆ ಮುಟ್ಟಿಸುತ್ತಿದ್ದನಂತೆ. ಕೈ ಮೇಲೆ ಒಂದು ಏಟು ಕೊಟ್ಟೆ ಎಂದು ಮುದುಕಿ ನಕ್ಕರು.

ಮೈದುನ ಅತ್ತಿಗೆಯ ಮುಖ ನೋಡಿದ. ಅವಳು ಚಿತ್ರವನ್ನೇ ನೋಡುತ್ತಿದ್ದಳು. ದಾರಿಯಲ್ಲಿ ಅವನು ಈಗಲೇ ಬ್ಯಾಂಕಿಗೆ ನುಗ್ಗೋಣ ಎಂದ. ಬೇಡ ಎಂದಳು. ಆ ಹುಡುಗಿಯ ಮೇಲೆ ಆಪಾದನೆ ಬಂದದ್ದು ಎಲ್ಲರ ಎದುರಿಗೆ. ಅದು ತೊಳೆದುಹೋಗಬೇಕಾದದ್ದೂ ಎಲ್ಲರ ಎದುರಿಗೇ. ಹಿತ್ತಲ ಬಾಗಿಲಲ್ಲಿ ಕೊಟ್ಟ ಮರ್ಯಾದೆ ಮರ್ಯಾದೆಯಲ್ಲ ಎಂದಳು.

ಭಾನುವಾರ ಮಹಡಿಯ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಷ್ಟ್ರು ತೀರ್ಪು ಓದುವವರಂತೆ ಕನ್ನಡಕ ಏರಿಸಿಕೊಂಡು ಕೂತಿದ್ದರು. ಎಕ್ಸ್‌ರೇಯವಳು ಇವತ್ತೂ ಬಾಗಿಲ ಹತ್ತಿರವೇ ನಿಂತಳು. ಅತ್ತಿಗೆ ಮೈದುನನಿಗೆ ಕಣ್ಸನ್ನೆ ಮಾಡಿದಳು, ಅವನು ಹೋಗಿ ತನ್ನ ಕುರ್ಚಿಯನ್ನೇ ಅವಳಿಗೆ ಹಾಕಿದ.

ಅತ್ತಿಗೆ ನಿಧಾನವಾಗಿ ಶುರುಮಾಡಿದಳು. ಹಡಗು ಹಾಳು ಮಾಡಬೇಕೆಂದು ಬಂದವರು ಏನು ಮಾಡುತ್ತಾರೆ? ಅಳಿಸುತ್ತಾರೆ, ಒಡೆಯುತ್ತಾರೆ, ಹೋಗುತ್ತಾರೆ. ದೀಪ ಹಚ್ಚಿ ಹೋಗುವುದಿಲ್ಲ. ಎಂದವಳೇ ಪರದೆಯ ಮೇಲೆ ಬಾಲದ ತುದಿಯ ಕಿಟಕಿ ತೋರಿಸಿದಳು. ಮೇಷ್ಟ್ರು ಎದ್ದು ಹತ್ತಿರ ಬಂದರು. ಲಿಫ್ಟಿನವನು ಪೋಸ್ಟರಿನ ಹತ್ತಿರ ಹೋಗಿ ನೋಡಿ ಬಂದ. ಅಷ್ಟು ದಿನ ಕಳೆದುಹೋದ ಮಗ್ಗುಲಿಗಾಗಿ ಅತ್ತವರು, ಇದ್ದ ಮಗ್ಗುಲಿನ ಕಡೆ ಒಬ್ಬರೂ ಕಣ್ಣು ಹಾಯಿಸಿರಲಿಲ್ಲ.

ಬಂದವರು ಮಾಡಲು ಬಂದದ್ದು ಇಷ್ಟೇ, ಈ ಒಂದು ದೀಪ ಹಚ್ಚುವುದು ಎಂದಳು ಅತ್ತಿಗೆ. ಎಡಮಗ್ಗುಲು ಹೋದದ್ದು ಕೈತಪ್ಪಿನಿಂದ. ಅವರಿಗೆ ಒಂದು ಅಭ್ಯಾಸ: ಯಾವ ಹಡಗು ತೆರೆದರೂ ಬೆರಳು ತಾನಾಗಿ ಮೊದಲು ಕನ್ನಡಿಯ ಕೀಲಿ ಒತ್ತುತ್ತದೆ. ಒತ್ತಿದರೆ ಒಂದು ಮಗ್ಗುಲಿನ ಪ್ರತಿಬಿಂಬ ಇನ್ನೊಂದು ಮಗ್ಗುಲನ್ನು ತುಂಬುತ್ತದೆ. ಎರಡು ಕಡೆಯೂ ಸಮನಾದ ಹಡಗಿಗೆ ಅದರಿಂದ ತೊಂದರೆಯಿಲ್ಲ. ದೊಡ್ಡಕ್ಕನಿಗೆ ಅದೇ ಕುತ್ತಾಯಿತು. ಬಲಗಡೆ ನೋಡುತ್ತ ದೀಪ ಹಚ್ಚುತ್ತಿದ್ದವರಿಗೆ ಆಚೆ ಮಗ್ಗುಲು ಕಾಣಲಿಲ್ಲ. ಮೆಟ್ಟಿಲ ಮೇಲೆ ಯಾರೋ ಬಂದ ಸದ್ದಾಗಿರಬೇಕು. ಉಳಿಸಿ, ಮುಚ್ಚಿ, ಎದ್ದರು. ಲಿಫ್ಟಿನವನು ಕನ್ನಡಿಯನ್ನು ಮುಟ್ಟುವವನೇ ಅಲ್ಲ, ಅವನ ಹಡಗೇ ಸೊಟ್ಟ. ಮೇಷ್ಟ್ರು ಎಡಮಗ್ಗುಲಿಗಾಗಿ ಎರಡು ವರ್ಷ ಸವೆಸಿದವರು, ಅದನ್ನು ಮರೆತು ಕನ್ನಡಿ ಒತ್ತುವವರಲ್ಲ.

"ಇನ್ನು ಈ ಹೆಣ್ಣುಮಗಳು. ಅಡುಗೆಮನೆ ಬೇಕು ಅಂದಿದ್ದು ಇವಳೇ, ಹಾಗಾಗಿ ದೀಪಾನೂ ಇವಳೇ ಹಚ್ಚಿರಬೇಕು ಅಂತ ನಮ್ಮ ಮೈದುನ ತೀರ್ಮಾನ ಮಾಡಿಬಿಟ್ಟಿದ್ದ. ಇವಳು ಹಚ್ಚಿದ್ರೆ ನಿಮ್ಮೆಲ್ಲರ ಕಿತ್ತಳೆ ಬಣ್ಣ ಹಚ್ಚಬೇಕಿತ್ತು, ಬೇರೆ ಬಣ್ಣ ಇವಳಿಗೆ ಗೊತ್ತೇ ಇಲ್ಲ. ಈ ನಿಂಬೆ ಹಳದಿ ಇರೋದು ಒಂದೇ ಕಡೆ, ಮೂಲಚಿತ್ರದಲ್ಲಿ. ಅದನ್ನ ನೋಡಿದ ಗಂಡಸಿಗೆ ಆ ಅಜ್ಜಿ ಕೈ ಮೇಲೆ ಒಂದು ಏಟೂ ಕೊಟ್ಟಿದ್ದಾರೆ, ಬೆರಳು ಎಂಜಲು ಮಾಡಿ ಹಾಳೆ ಮಗುಚಿದ್ದಕ್ಕೆ."

ಎಲ್ಲರ ಕಣ್ಣೂ ಒಂದೇ ಕಡೆ ತಿರುಗಿದವು. ನೋಟು ಎಣಿಸಿ ಎಣಿಸಿ ಬಂದ ಚಾಳಿ; ಕೂಟದಲ್ಲಿ ಅದನ್ನು ಆಡಿಕೊಳ್ಳದವರೇ ಇರಲಿಲ್ಲ. ಬ್ಯಾಂಕಿನವರು ತಮ್ಮ ಬೆರಳನ್ನೇ ನೋಡುತ್ತ ಕೂತಿದ್ದರು.

"ಇಷ್ಟು ಪ್ರೀತಿಯಿಂದ ದೀಪ ಹಚ್ಚಿದೋರು ನಿಮ್ಮ ಮೊದಲ ಪಾಠ ಮರೆತಿರೋಕೆ ಸಾಧ್ಯವೇ ಇಲ್ಲ, ಮೇಷ್ಟ್ರೇ," ಎಂದಳು ಅತ್ತಿಗೆ. "ಕೈ ಹಚ್ಚೋ ಮುಂಚೆ ಒಂದು ಪ್ರತಿ ಜೇಬಿಗೆ ಹಾಕ್ಕೊಂಡಿರ್ತಾರೆ. ಅದು ಇನ್ನೂ ಜೇಬಲ್ಲೇ ಇದೆ ಅಂತ ನನ್ನ ಲೆಕ್ಕ. ವಾಪಸ್ ಇಡೋಣ ಅಂದ್ರೆ ನೀವು ಬೀಗ ಜಡಿದು ಕೂತಿದ್ರಿ."

ಬ್ಯಾಂಕಿನವರು ಅಂಗಿಯ ಜೇಬಿಗೆ ಕೈಹಾಕಿ ಪುಟ್ಟ ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಮೇಷ್ಟ್ರು ಬೈಯಲು ಬಾಯಿ ತೆರೆದವರು ಬೈಗುಳ ಬಿಟ್ಟು ಅದನ್ನೇ ಕಸಿದುಕೊಂಡು ಯಂತ್ರಕ್ಕೆ ಚುಚ್ಚಿದರು. ಹಡಗು ತೆರೆಯಿತು, ನಿಧಾನವಾಗಿ ತಿರುಗಿತು. ಸುಟ್ಟ ತಗಡು ಬಂತು, ತೇಪೆಗಳು ಬಂದವು, ಮುರಿದ ಏಣಿ ಬಂತು. ಮೇಷ್ಟ್ರು ಪರದೆಯ ಮೇಲೆ ಅಂಗೈ ಇಟ್ಟು, ಮಗುವಿನ ಜ್ವರ ಇಳಿದದ್ದನ್ನು ನೋಡುವವರಂತೆ ಹಾಗೇ ನಿಂತುಬಿಟ್ಟರು. ಮೈದುನನಿಗೂ ಕಣ್ಣು ತುಂಬಿ ಬಂತು. ಇಷ್ಟು ದಿನ ಹಡಗಿನ ತಲೆಬುಡ ತಿಳಿಯದವನಿಗೆ ಇದೆಂಥ ಅಳು ಎಂದು ಅವನು ತನ್ನನ್ನೇ ಬೈದುಕೊಂಡ.

ಬ್ಯಾಂಕಿನವರು ಎಲ್ಲ ಹೇಳಿಕೊಂಡರು. ಮುದುಕಿ ಬ್ಯಾಂಕಿಗೆ ಬಂದಾಗ ಹೆಸರು ನೋಡಿ ಗುರುತು ಹಿಡಿದು, ಮನೆಯವರೆಗೆ ಬಿಟ್ಟು ಬಂದದ್ದು. ಗೋಡೆಯ ಚಿತ್ರದಲ್ಲಿ ಆ ಕಿಟಕಿ ಕಂಡದ್ದು. ತೆರೆಯಲ್ಲಿ ಕಾಣದ್ದು ಹಡಗಿನಲ್ಲಿ ಇರಬಾರದು ಎಂದು ವರ್ಷಗಟ್ಟಲೆ ಕೂಗಾಡಿದ ತಾವು ಈಗ ಯಾವ ಮುಖ ಇಟ್ಟುಕೊಂಡು ಇದೆ ಎನ್ನುವುದು? ಸದ್ದಿಲ್ಲದೆ ಒಂದು ದೀಪ ಹಚ್ಚಿಬಿಟ್ಟರೆ ಗುಮ್ಮಟದ ಮೇಲೆ ಆ ಅಜ್ಜಿಗೆ ಕಾಣುತ್ತದೆ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡರಂತೆ. ಎಡಮಗ್ಗುಲು ಹೋಗಿದೆ ಎಂದು ಮೇಷ್ಟ್ರು ಫೋನು ಮಾಡಿದಾಗಲೇ ತಿಳಿದದ್ದು. ಅಷ್ಟರಲ್ಲಿ ಅಪವಾದ ಬೇರೆಯವರ ಮೇಲೆ ಹೋಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಬಿತ್ತು. ತಾವು ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಉಗುಳಲೂ ಆಗದೆ, ನುಂಗಲೂ ಆಗದೆ ಒದ್ದಾಡಿದರು.

ಹೇಳಿ ಮುಗಿಸಿ ಅವರು ಎಕ್ಸ್‌ರೇಯವಳ ಕಡೆ ತಿರುಗಿದರು.

"ಅಲ್ಲಿ ಅಡುಗೆಮನೆ ಇದೆ," ಎಂದರು. "ನೀನು ಹೇಳಿದ್ದೇ ಸರಿ. ನನ್ನದು ತಪ್ಪು, ಹಡಗಿನ ವಿಷಯದಲ್ಲೂ, ನಿನ್ನ ವಿಷಯದಲ್ಲೂ."

ಅವಳ ಕಣ್ಣು ಅವರನ್ನು ಬಿಟ್ಟು ಕದಲಲಿಲ್ಲ.

ಮೇಷ್ಟ್ರು ಮೊದಲು ಅವಳ ಹತ್ತಿರ ಬಂದು, ನಾನು ನಿನ್ನನ್ನು ಕೂತುಕೋ ಅನ್ನಲಿಲ್ಲ, ಅದನ್ನು ಹೊಟ್ಟೆಗೆ ಹಾಕಿಕೋ ತಾಯಿ ಎಂದರು. ಆಮೇಲೆ ದನಿ ಗಟ್ಟಿ ಮಾಡಿಕೊಂಡು, ಆದರೂ ನಿಯಮ ನಿಯಮವೇ, ಹೇಳದೆ ಕೇಳದೆ ಕೈ ಹಚ್ಚಿದವರಿಗೆ ಇಲ್ಲಿ ಜಾಗ ಇಲ್ಲ ಎಂದರು. ಹಾಗೆಂದವರಿಗೇ ಆ ಮಾತು ಹಿತವಾಗಲಿಲ್ಲ ಎಂದು ಮುಖ ಹೇಳುತ್ತಿತ್ತು. ಬ್ಯಾಂಕಿನವರು ಎದ್ದರು, ಚೀಲ ಹೆಗಲಿಗೆ ಹಾಕಿಕೊಂಡರು. ನೋವುಂಡವಳು ಅವಳು, ಅವಳೇ ಹೇಳಲಿ ಎಂದಳು ಅತ್ತಿಗೆ.

ಎಕ್ಸ್‌ರೇಯವಳಿಗೆ ಸಿಟ್ಟಿತ್ತು, ಇರಬೇಕಾದದ್ದೇ. ವಾರವೆಲ್ಲ ಅವಳು ಊಟ ನಿದ್ದೆ ಇಲ್ಲದೆ ಬೆಂದಿದ್ದಳು, ಈ ಮನುಷ್ಯ ಜೇಬಿನಲ್ಲಿ ಔಷಧಿ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಅದನ್ನು ಅವಳು ಮುಖಕ್ಕೆ ಹೊಡೆದಂತೆ ಹೇಳಿದಳು, ಅವರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಎದ್ದು ಹೋಗಿ ಅವರ ಹೆಗಲಿಂದ ಚೀಲ ಇಳಿಸಿ ಕುರ್ಚಿಯ ಮೇಲಿಟ್ಟಳು.

"ಕೂತ್ಕೊಳ್ಳಿ," ಎಂದಳು. "ನೀವು ಹೋಗಿಬಿಟ್ರೆ ಭಾನುವಾರ ನಾನು ಜಗಳ ಆಡೋದು ಯಾರ ಜೊತೆ?"